ರಕ್ಷಿಸಿದ ಮಗುವನ್ನು ನೇರವಾಗಿ ಮನೆಗೆ ಕಳುಹಿಸಿದರೆ ಸಾಲದೇ?

ಓದುಗರ ಪ್ರಶ್ನೆ: ಮಾನವ ಕಳ್ಳಸಾಗಣೆಗೆ ಒಳಗಾಗಿದ್ದ ಮಕ್ಕಳನ್ನು ಪೊಲೀಸರು ಬಿಡಿಸಿದರು ಎಂಬ ಸುದ್ದಿಯನ್ನು ಆಗಾಗ ಓದುತ್ತೇವೆ. ಆ ಮಕ್ಕಳು ಅನಂತರ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಆಶ್ರಯಧಾಮಗಳಲ್ಲೇ ಉಳಿಯುತ್ತಾರೆ ಎಂದೂ ಕೇಳುತ್ತೇವೆ. ತಂದೆತಾಯಿ ಬದುಕಿರುವಾಗ ಮಗುವನ್ನು ಆದಷ್ಟು ಬೇಗ ಅವರ ಕೈಗೆ ಒಪ್ಪಿಸುವುದನ್ನು ಬಿಟ್ಟು ಸರ್ಕಾರಗಳು ಇಷ್ಟೊಂದು ವಿಚಾರಣೆ, ವರದಿ, ಸಮಿತಿಗಳನ್ನು ಏಕೆ ಇಟ್ಟುಕೊಂಡಿವೆ?

ಉತ್ತರ: ಹೆಚ್ಚಿನ ಮಕ್ಕಳಿಗೆ ಕೊನೆಗೂ ಸರಿಯಾದ ಜಾಗ ಅವರ ಮನೆಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಗು ಆ ಮನೆಯಿಂದ ಹೊರಟದ್ದು ಹೇಗೆ, ಕಳುಹಿಸಿದವರು ಯಾರು, ಕಳುಹಿಸುವಂತೆ ಮಾಡಿದ ಕಾರಣ ಇನ್ನೂ ಅಲ್ಲೇ ಇದೆಯೇ ಎಂಬುದನ್ನು ತಿಳಿದುಕೊಳ್ಳದೆ ವಾಪಸು ಕಳುಹಿಸಿದರೆ, ಅದೇ ಮಗು ಅದೇ ದಲ್ಲಾಳಿಯ ಕೈಗೆ ಮತ್ತೆ ಸಿಗುವ ಅಪಾಯ ತುಂಬಾ ದೊಡ್ಡದು. ಮಕ್ಕಳ ಸಾಗಣೆಯನ್ನು ತಡೆಯುವ ಯಾವುದೇ ನೀತಿಯನ್ನು ಎಷ್ಟು ಮಕ್ಕಳನ್ನು ಬಿಡಿಸಲಾಯಿತು ಎಂಬ ಲೆಕ್ಕದಿಂದ ಅಳೆಯುವುದು ನನಗೆ ಸರಿಕಾಣುವುದಿಲ್ಲ. ಬಿಡಿಸಿದ ಮಗು ಎರಡು ವರ್ಷಗಳ ಅನಂತರ ಎಲ್ಲಿದೆ ಎಂದು ಕೇಳಿ ಅಳೆಯಬೇಕು.

ಸಾಗಣೆ ಎಂದೊಡನೆ ಅಪರಿಚಿತನೊಬ್ಬ ಮಗುವನ್ನು ಕದ್ದೊಯ್ಯುವ ಚಿತ್ರ ನಮ್ಮ ಮನಸ್ಸಿಗೆ ಬರುತ್ತದೆ. ಅಂಥ ಪ್ರಕರಣಗಳು ಇಲ್ಲವೆಂದಲ್ಲ. ಆದರೆ ಅಂತಾರಾಷ್ಟ್ರೀಯ ವಲಸೆ ಸಂಸ್ಥೆಯು ತನ್ನ ಮತ್ತು ಇತರ ಸಂಸ್ಥೆಗಳ ಪ್ರಕರಣಗಳನ್ನು ಒಟ್ಟುಗೂಡಿಸಿ 2017ರಲ್ಲಿ ಮುಂದಿಟ್ಟ ಮಾಹಿತಿಯ ಪ್ರಕಾರ, ಪತ್ತೆಯಾದ ಮಕ್ಕಳ ಸಾಗಣೆ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಕುಟುಂಬದವರೊಬ್ಬರ ಪಾತ್ರ ಇತ್ತು. ಇಲ್ಲಿ ತಂದೆತಾಯಿಯನ್ನು ಖಳರನ್ನಾಗಿ ಕಾಣುವ ಆತುರ ಬೇಡ. ಸಾಲ, ಮನೆಯಲ್ಲೊಬ್ಬರ ದೀರ್ಘ ಕಾಯಿಲೆ, ಕೈಕೊಟ್ಟ ಬೆಳೆ, ಓದಿಸುತ್ತೇನೆ ಎಂದು ಪರಿಚಿತನೊಬ್ಬ ಕೊಟ್ಟ ಮಾತು, ಇವು ಸೇರಿದಾಗ ಮಗುವನ್ನು ದೂರಕ್ಕೆ ಕಳುಹಿಸುವುದೇ ಅದಕ್ಕೆ ಒಳ್ಳೆಯದೆಂದು ನಂಬಿ ಕಳುಹಿಸಿದವರು ಎಷ್ಟೋ ಮಂದಿ. ಹಣ ಪಡೆದೇ ಕಳುಹಿಸಿದವರೂ ಇದ್ದಾರೆ. ಈ ಎರಡನ್ನು ಬೇರ್ಪಡಿಸಿ ನೋಡುವುದಕ್ಕೆ ವಿಚಾರಣೆಯೇ ಬೇಕು, ಅದಕ್ಕೆ ಸಮಯವೂ ಬೇಕು.

ಕಾನೂನಿನ ಮೂಲ ನಿಲುವು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ವಿಶ್ವಸಂಸ್ಥೆ 2000ದಲ್ಲಿ ಅಂಗೀಕರಿಸಿದ, 2003ರ ಡಿಸೆಂಬರ್ 25ರಂದು ಜಾರಿಗೆ ಬಂದ, ಮಾನವ ಸಾಗಣೆಯನ್ನು ತಡೆಯುವ ಪಲೆರ್ಮೊ ಒಪ್ಪಂದವು 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದು ಪರಿಗಣಿಸುತ್ತದೆ. ವಯಸ್ಕರ ವಿಷಯದಲ್ಲಿ ಬಲಾತ್ಕಾರ, ಮೋಸ, ಅಧಿಕಾರದ ದುರುಪಯೋಗದಂಥ ಯಾವುದಾದರೊಂದು ಮಾರ್ಗ ಬಳಕೆಯಾಗಿದೆ ಎಂದು ತೋರಿಸಬೇಕಾಗುತ್ತದೆ. ಮಗುವಿನ ವಿಷಯದಲ್ಲಿ ಅದು ಬೇಕಿಲ್ಲ. ಶೋಷಣೆಯ ಉದ್ದೇಶದಿಂದ ಮಗುವನ್ನು ಗೊತ್ತುಮಾಡಿದರೆ, ಸಾಗಿಸಿದರೆ, ಅಡಗಿಸಿಟ್ಟರೆ ಅಥವಾ ಪಡೆದುಕೊಂಡರೆ ಅಷ್ಟೇ ಸಾಕು, ಅಪರಾಧ ಪೂರ್ಣವಾಯಿತು. ಮಗುವೇ ಇಷ್ಟಪಟ್ಟು ಹೋಯಿತು ಎಂಬ ವಾದಕ್ಕೂ, ಮನೆಯವರು ಒಪ್ಪಿ ಕಳುಹಿಸಿದರು ಎಂಬ ವಾದಕ್ಕೂ ಅಲ್ಲಿ ಜಾಗವಿಲ್ಲ. ಬಾಲಕಾರ್ಮಿಕತೆಯ ಅತ್ಯಂತ ಕೆಟ್ಟ ರೂಪಗಳಲ್ಲಿ ಮಕ್ಕಳ ಮಾರಾಟ ಮತ್ತು ಸಾಗಣೆಯನ್ನು ಸೇರಿಸಿರುವ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 182ನೆಯ ಒಪ್ಪಂದವನ್ನು 2020ರ ಆಗಸ್ಟ್‌ನಲ್ಲಿ ಟೊಂಗಾ ಅನುಮೋದಿಸುವುದರೊಂದಿಗೆ ಆ ಸಂಘಟನೆಯ ಸದಸ್ಯ ರಾಷ್ಟ್ರಗಳೆಲ್ಲವೂ ಅನುಮೋದಿಸಿದಂತಾಯಿತು. ಅಂದರೆ ಇದು ತಪ್ಪು ಎಂಬ ಬಗ್ಗೆ ಸರ್ಕಾರಗಳ ನಡುವೆ ಭಿನ್ನಮತವಿಲ್ಲ. ಬಿಡಿಸಿದ ಮರುದಿನದಿಂದ ಏನು ಮಾಡಬೇಕು ಎಂಬಲ್ಲಿ ಮಾತ್ರ ಒಂದೊಂದು ದೇಶ ಒಂದೊಂದು ರೀತಿ ನಡೆದುಕೊಳ್ಳುತ್ತದೆ.

ಈ ಭಾಗವನ್ನು ಹೆಚ್ಚು ವಿವರವಾಗಿ ಬರೆದಿಟ್ಟಿರುವುದು ಮಾನವ ಸಾಗಣೆಯ ವಿರುದ್ಧ ಯುರೋಪ್ ಮಂಡಳಿ ಮಾಡಿಕೊಂಡ 2005ರ ಒಪ್ಪಂದ. ವಯಸ್ಸು ಖಚಿತವಿಲ್ಲದಿದ್ದರೂ ಮಗುವೆಂದು ನಂಬಲು ಕಾರಣವಿದ್ದರೆ, ತಪಾಸಣೆ ಮುಗಿಯುವವರೆಗೆ ಮಗುವೆಂದೇ ನಡೆಸಿಕೊಳ್ಳಬೇಕು. ತನ್ನ ಜೊತೆಯಲ್ಲಿ ಹಿರಿಯರಿಲ್ಲದ ಮಗುವಿಗೆ ಒಬ್ಬ ಪಾಲಕರನ್ನು ನೇಮಿಸಬೇಕು. ಅಪಾಯ ಮತ್ತು ಸುರಕ್ಷತೆಯ ಅಂದಾಜು ಮಾಡಿದ ಮೇಲೆ, ಮರಳುವುದು ಮಗುವಿನ ಹಿತಕ್ಕೆ ವಿರುದ್ಧವೆಂದು ಕಂಡುಬಂದರೆ ಮಗುವನ್ನು ವಾಪಸು ಕಳುಹಿಸುವಂತಿಲ್ಲ. ಈ ಮೂರರಲ್ಲಿ ಪಾಲಕರ ನೇಮಕವೇ ಅತಿ ಮುಖ್ಯವೆಂದು ನನ್ನ ಅಭಿಪ್ರಾಯ. ಬಿಡಿಸಿದ ಮಗುವಿನ ಸುತ್ತ ಇರುವ ಪ್ರತಿಯೊಬ್ಬರಿಗೂ ಅವರದೇ ಆದ ಕೆಲಸವಿರುತ್ತದೆ: ಪೊಲೀಸರಿಗೆ ಸಾಕ್ಷಿ ಬೇಕು, ವಲಸೆ ಇಲಾಖೆಗೆ ದಾಖಲೆ ಬೇಕು, ಆಶ್ರಯಧಾಮಕ್ಕೆ ಮುಂದಿನ ಮಗುವಿಗಾಗಿ ಜಾಗ ತೆರವಾಗಬೇಕು. ಮಗುವಿನ ಪರವಾಗಿ ಮಾತನಾಡುವುದನ್ನೇ ಕೆಲಸವಾಗಿ ಉಳ್ಳ ಒಬ್ಬರಾದರೂ ಅಲ್ಲಿರಬೇಕಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್ ಮೂರೂ ಕಡೆ 2015ರಲ್ಲಿ ಬಂದ ಕಾನೂನುಗಳು ಇಂಥ ಸ್ವತಂತ್ರ ಪಾಲಕರ ಅಥವಾ ಪ್ರತಿನಿಧಿಗಳ ವ್ಯವಸ್ಥೆಗೆ ಅವಕಾಶ ಮಾಡಿಕೊಟ್ಟವು.

ಬಲವಂತದಿಂದ ಮಾಡಿಸಿದ ಕೆಲಸಕ್ಕಾಗಿ ಮಗುವನ್ನೇ ಶಿಕ್ಷಿಸಬಾರದೆಂಬ ತತ್ವವೂ ಇದಕ್ಕೆ ಸೇರಿದ್ದೇ. ಅಮೆರಿಕದ ನ್ಯೂಯಾರ್ಕ್ ರಾಜ್ಯವು 2008ರಲ್ಲಿ ಮಾಡಿದ ಕಾನೂನು, ಲೈಂಗಿಕ ಶೋಷಣೆಗೆ ಒಳಗಾದ ಮಕ್ಕಳನ್ನು ಅಪರಾಧಿಗಳಾಗಿ ಕಾಣದೆ ಸೇವೆಗಳ ಅಗತ್ಯವಿರುವ ಮಕ್ಕಳಾಗಿ ಕಾಣುವ ದಾರಿ ತೆರೆಯಿತು. ಅನಂತರ ಇತರ ರಾಜ್ಯಗಳೂ ಅದನ್ನು ಅನುಸರಿಸಿದವು. ಅಪರಾಧದ ದಾಖಲೆಯೊಂದಿಗೆ ಮನೆಗೆ ಮರಳಿದ ಮಗುವಿಗೆ ಶಾಲೆಯಲ್ಲಿ, ಊರಿನಲ್ಲಿ ಮತ್ತೆ ಜಾಗ ಸಿಗುವುದು ಕಷ್ಟ.

ಮನೆಗೆ ಮರಳಿಸುವ ಕೆಲಸ ಎಷ್ಟು ಸೂಕ್ಷ್ಮವಾದುದು ಎಂಬುದಕ್ಕೆ ಕೊಲ್ಲಿ ರಾಷ್ಟ್ರಗಳ ಒಂಟೆ ಓಟದ ಪ್ರಸಂಗಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಸವಾರನ ತೂಕ ಕಡಿಮೆ ಇದ್ದಷ್ಟೂ ಒಂಟೆ ವೇಗವಾಗಿ ಓಡುತ್ತದೆ ಎಂಬ ಒಂದೇ ಕಾರಣಕ್ಕೆ ಪಾಕಿಸ್ತಾನ, ಬಾಂಗ್ಲಾದೇಶ, ಸುಡಾನ್ ಮತ್ತು ಮಾರಿಟೇನಿಯಾದ ಪುಟ್ಟ ಹುಡುಗರನ್ನು ಅಲ್ಲಿಗೆ ಸಾಗಿಸಲಾಗುತ್ತಿತ್ತು. ತೂಕ ಏರದಿರಲೆಂದು ಅವರಿಗೆ ಹೊಟ್ಟೆ ತುಂಬ ಊಟವನ್ನೂ ಕೊಡುತ್ತಿರಲಿಲ್ಲ. ಸಂಯುಕ್ತ ಅರಬ್ ಸಂಸ್ಥಾನವು 2005ರಲ್ಲಿ 18 ವರ್ಷದೊಳಗಿನವರನ್ನು ಸವಾರರನ್ನಾಗಿ ಬಳಸುವುದನ್ನು ನಿಷೇಧಿಸಿ, ಯುನಿಸೆಫ್ ಜೊತೆ ಒಪ್ಪಂದ ಮಾಡಿಕೊಂಡು, ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಅವರವರ ದೇಶಗಳಿಗೆ ಮರಳಿಸಿತು. ಓಟದಲ್ಲಿ ಹುಡುಗರ ಜಾಗಕ್ಕೆ ಯಂತ್ರಗಳು ಬಂದವು. ಆದರೆ ಹುಡುಗರ ಪಾಲಿಗೆ ಅಲ್ಲಿಗೆ ಎಲ್ಲವೂ ಮುಗಿಯಲಿಲ್ಲ. ತೀರಾ ಚಿಕ್ಕವರಾಗಿದ್ದಾಗ ಹೋದವರಿಗೆ ತಂದೆತಾಯಿಯ ನೆನಪೇ ಮಸುಕಾಗಿತ್ತು, ಕೆಲವರಿಗೆ ಮನೆಮಾತೂ ಮರೆತಿತ್ತು. ಸಾಗಿಸಿದವರೇ ಕಾಗದಪತ್ರಗಳಲ್ಲಿ ತಂದೆ ಎಂದು ಬರೆಸಿಕೊಂಡಿದ್ದ ಪ್ರಕರಣಗಳಿದ್ದುದರಿಂದ, ತಂದೆ ಎಂದು ಹೇಳಿಕೊಂಡು ಬಂದವರ ಮಾತನ್ನು ಹಾಗೆಯೇ ನಂಬುವಂತಿರಲಿಲ್ಲ. ಡಿಎನ್ಎ ಪರೀಕ್ಷೆಯ ನೆರವು ಪಡೆಯಬೇಕಾಯಿತು. ಕಂಡವರಿಗೆ ಮಗುವನ್ನು ಅದೇ ದಿನ ಒಪ್ಪಿಸಿದ್ದರೆ, ಅದನ್ನು ಮೊದಲು ಕರೆದೊಯ್ದವನಿಗೇ ಮತ್ತೆ ಒಪ್ಪಿಸಿದಂತಾಗುತ್ತಿತ್ತು.

ಈ ಕಾರ್ಯಕ್ರಮದ ಎರಡನೆಯ ಹಂತ ಇನ್ನೂ ಮುಖ್ಯವಾದುದು. ಮರಳಿದ ಮಕ್ಕಳಿಗೆ ಪರಿಹಾರ, ಶಾಲೆ, ಆರೋಗ್ಯದ ವ್ಯವಸ್ಥೆಯ ಜೊತೆಗೆ, ಅವರು ಊರಿನಲ್ಲೇ ಇದ್ದಾರೆಯೇ, ಓದುತ್ತಿದ್ದಾರೆಯೇ ಎಂದು ನೋಡಿಕೊಳ್ಳುವ ಹೊಣೆಯನ್ನು ಸ್ಥಳೀಯ ಮಟ್ಟದವರಿಗೂ ಹಂಚಲಾಯಿತು. ಸರ್ಕಾರವೊಂದೇ ದೂರದ ಕಚೇರಿಯಲ್ಲಿ ಕುಳಿತು ಈ ಕೆಲಸ ಮಾಡಲಾಗದು.

ಭಾರತದ ವ್ಯವಸ್ಥೆಯಲ್ಲೂ ಇದೇ ವಿಚಾರ ಕೆಲಸ ಮಾಡುತ್ತಿದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪತ್ತೆಯಾದ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿಯು ಮಗುವಿನ ಮನೆಯ ಸ್ಥಿತಿಗತಿಯ ಬಗ್ಗೆ ಸಾಮಾಜಿಕ ತನಿಖಾ ವರದಿ ತರಿಸಿಕೊಂಡು, ಮಗುವಿನ ಮಾತನ್ನೂ ಕೇಳಿ ತೀರ್ಮಾನಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೆಯ ಕಲಮು ಮಗುವಿನ ಸಾಗಣೆಗೆ ಕನಿಷ್ಠ 10 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ವಿಧಿಸುತ್ತದೆ. ಆದರೆ ಶಿಕ್ಷೆ ಆಗಬೇಕಾದರೆ ಮಗು ನ್ಯಾಯಾಲಯದಲ್ಲಿ ಹೇಳಿಕೆ ಕೊಡಬೇಕು. ಬಹುಕಾಲ ಇಲ್ಲೇ ತೊಡಕಿತ್ತು: ಸಾಕ್ಷಿಗಾಗಿ ಮಗುವನ್ನು ದೂರದ ಊರಿನ ಆಶ್ರಯಧಾಮದಲ್ಲೇ ಇರಿಸಿಕೊಳ್ಳಬೇಕು, ಇಲ್ಲವೇ ಮನೆಗೆ ಕಳುಹಿಸಿ ಪ್ರತಿ ವಿಚಾರಣೆಗೂ ನೂರಾರು ಮೈಲಿ ಪ್ರಯಾಣ ಮಾಡಿಸಬೇಕು. ಬೇರೆ ರಾಜ್ಯಕ್ಕೆ ಸಾಗಣೆಯಾಗಿದ್ದ ಮಕ್ಕಳು ತಮ್ಮ ಜಿಲ್ಲೆಯಿಂದಲೇ ವಿಡಿಯೊ ಮೂಲಕ ಸಾಕ್ಷಿ ನುಡಿಯಲು ಅನುಸರಿಸಬೇಕಾದ ಕ್ರಮವನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಒಪ್ಪಿಕೊಂಡದ್ದರಿಂದ ಈ ಇಕ್ಕಟ್ಟಿಗೆ ಒಂದು ದಾರಿಯಾಯಿತು. ಕಾನೂನಿನ ದೃಷ್ಟಿಯಲ್ಲಿ ಇದು ಸಣ್ಣ ಬದಲಾವಣೆಯಂತೆ ಕಾಣಬಹುದು. ಮಗುವಿಗೆ ಮಾತ್ರ ಇದರಿಂದ ಎಷ್ಟೋ ತಿಂಗಳ ಬಾಲ್ಯ ಉಳಿಯುತ್ತದೆ.

ಹೀಗೆ ಹೇಳಿದ ಮಾತ್ರಕ್ಕೆ ಪ್ರಶ್ನೆ ಕೇಳಿದವರ ಕಳವಳ ತಪ್ಪೆಂದು ಅರ್ಥವಲ್ಲ. ಮನೆಗೆ ಕಳುಹಿಸುವ ಮುಂಚೆ ವಿಚಾರಿಸುವುದು ಒಂದು, ವಿಚಾರಣೆಯ ಹೆಸರಿನಲ್ಲಿ ಮಗುವನ್ನು ಸಂಸ್ಥೆಯಲ್ಲಿ ಮರೆತುಬಿಡುವುದು ಇನ್ನೊಂದು. ಮಗುವನ್ನು ಕುಟುಂಬದ ವಾತಾವರಣದಲ್ಲೇ ಬೆಳೆಸಬೇಕು, ಸಂಸ್ಥೆಯಲ್ಲಿ ಇರಿಸುವುದು ಅನಿವಾರ್ಯವಾದಾಗ ಮಾತ್ರ ಮತ್ತು ಆದಷ್ಟು ಕಡಿಮೆ ಕಾಲಕ್ಕೆ ಎಂಬುದು 2009ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿದ ಮಾರ್ಗಸೂಚಿಯ ತಿರುಳು. ಸಂಬಂಧಿಕರ ಮನೆ, ಸರ್ಕಾರದ ಮೇಲ್ವಿಚಾರಣೆಯಲ್ಲಿರುವ ಪೋಷಕ ಕುಟುಂಬ, ಇವೆಲ್ಲ ಆಶ್ರಯಧಾಮಕ್ಕಿಂತ ಮೊದಲು ಪರಿಶೀಲಿಸಬೇಕಾದ ದಾರಿಗಳು. ಇದಕ್ಕಿಂತ ಕಹಿಯಾದ ಸಂಗತಿಯೊಂದಿದೆ: ಕೆಲವು ದೇಶಗಳಲ್ಲಿ ಅನಾಥಾಲಯಗಳೇ ಸಾಗಣೆಯ ಗುರಿಯಾಗಿವೆ. ತಂದೆತಾಯಿ ಇರುವ ಮಕ್ಕಳನ್ನು ಓದಿಸುವ ನೆಪದಲ್ಲಿ ತಂದು, ಅನಾಥರೆಂದು ತೋರಿಸಿ, ವಿದೇಶಿ ದಾನಿಗಳಿಂದ ಹಣ ಪಡೆಯುವ ದಂಧೆ ನೇಪಾಳ ಮತ್ತು ಕಾಂಬೋಡಿಯಾಗಳಲ್ಲಿ ಬೆಳಕಿಗೆ ಬಂದಿದೆ. 2015ರ ಭೂಕಂಪದ ಬಳಿಕ ನೇಪಾಳ ಸರ್ಕಾರವು ತಂದೆತಾಯಿ ಅಥವಾ ಪಾಲಕರ ಜೊತೆಯಿಲ್ಲದೆ ಮಕ್ಕಳನ್ನು ಅನುಮತಿಯಿಲ್ಲದೆ ಜಿಲ್ಲೆಯಿಂದ ಹೊರಗೆ ಒಯ್ಯುವುದನ್ನು ತಡೆದು, ಹೊಸ ಮಕ್ಕಳ ಧಾಮಗಳ ನೋಂದಣಿಯನ್ನೂ ವಿದೇಶಿ ದತ್ತು ಪ್ರಕ್ರಿಯೆಯನ್ನೂ ನಿಲ್ಲಿಸಿದ್ದು ಈ ಅನುಭವದಿಂದಲೇ. ಆದ್ದರಿಂದ ದಾನ ಮಾಡುವವರು, ಮಗುವಿಗೆ ಮನೆಯವರಿದ್ದಾರೆಯೇ, ಅವರೊಡನೆ ಸೇರಿಸಲು ಏನು ಪ್ರಯತ್ನ ನಡೆದಿದೆ ಎಂದು ಸಂಸ್ಥೆಯನ್ನು ನೇರವಾಗಿ ಕೇಳಬೇಕು.

ಇನ್ನು ಊರಿನವರ ಪಾತ್ರ. ಪಶ್ಚಿಮ ಆಫ್ರಿಕಾದ ಬೆನಿನ್, ಮಾಲಿ, ಬುರ್ಕಿನಾ ಫಾಸೊಗಳಲ್ಲಿ ಹಳ್ಳಿಗಳ ಕಾವಲು ಸಮಿತಿಗಳನ್ನು ರಚಿಸಲಾಯಿತು. ಅಪರಿಚಿತ ದಲ್ಲಾಳಿ ಬಂದದ್ದು, ಮಗು ಶಾಲೆಗೆ ಬಾರದಾದದ್ದು ಪೊಲೀಸರಿಗಿಂತ ಮೊದಲು ಊರಿಗೆ ತಿಳಿಯುತ್ತದೆ ಎಂಬುದು ಅದರ ಹಿಂದಿನ ಸರಿಯಾದ ತಿಳಿವಳಿಕೆ. ಆದರೆ ಕೆಲವೆಡೆ ಈ ಸಮಿತಿಗಳು ಕೆಲಸ ಹುಡುಕಿ ಹೊರಟ ಹದಿನಾರು ಹದಿನೇಳರ ಎಲ್ಲ ಹುಡುಗ ಹುಡುಗಿಯರನ್ನೂ ತಡೆಯತೊಡಗಿದವು. ಬಡತನದಿಂದ ಹೊರಡಲೇಬೇಕಾದವರು ರಾತ್ರಿ ಹೊತ್ತು, ಕಳ್ಳದಾರಿಯಲ್ಲಿ, ದಲ್ಲಾಳಿಯ ನೆರವಿನಿಂದಲೇ ಹೊರಟರು. ಅಪಾಯ ಕಡಿಮೆಯಾಗುವ ಬದಲು ಹೆಚ್ಚಿತು. ಊರಿನ ಸಮಿತಿಯೊಂದು ಪ್ರಯಾಣವನ್ನೇ ತಡೆಯುವುದಕ್ಕಿಂತ, ಹೋಗುವ ಮಗುವಿನ ವಿಳಾಸ, ಕರೆದೊಯ್ಯುವವರ ಹೆಸರು, ಕೆಲಸ ಕೊಡುವವರ ಗುರುತು ಬರೆದಿಟ್ಟುಕೊಂಡು, ಕೆಲಸಕ್ಕೆ ಸೇರುವ ವಯಸ್ಸಾಗಿಲ್ಲದ ಮಗುವಾದರೆ ಶಾಲೆ ಮತ್ತು ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೆ ತಿಳಿಸುವುದು ಹೆಚ್ಚು ಪ್ರಯೋಜನಕಾರಿ. ಮರಳಿ ಬಂದ ಮಗುವಿನ ವಿಷಯದಲ್ಲಂತೂ ಊರಿನವರ ನಡವಳಿಕೆಯೇ ನಿರ್ಣಾಯಕ. ಎಲ್ಲಿದ್ದೆ, ಏನು ಮಾಡಿಸಿದರು ಎಂದು ಕೆದಕುವವರ ನಡುವೆ, ಮದುವೆ ಮಾಡಿ ಬಿಡಿ ಎಂದು ಸಲಹೆ ಕೊಡುವವರ ನಡುವೆ ಬದುಕಲಾರದೆ ಮತ್ತೆ ಹೊರಟು ಹೋಗುವ ಹೆಣ್ಣುಮಕ್ಕಳಿದ್ದಾರೆ.

ಕೊನೆಯದಾಗಿ ಹಣದ ಮಾತು, ಏಕೆಂದರೆ ಬಹಳಷ್ಟು ಸಲ ಮಗು ಹೊರಟದ್ದೇ ಹಣದ ಕಾರಣಕ್ಕೆ. ಘಾನಾದ ವೋಲ್ಟಾ ಸರೋವರದಲ್ಲಿ ಮೀನುಗಾರಿಕೆಗೆ ಮಾರಲ್ಪಟ್ಟ ಮಕ್ಕಳನ್ನು ಬಿಡಿಸುವ ಕೆಲಸದಲ್ಲಿ ಅಂತಾರಾಷ್ಟ್ರೀಯ ವಲಸೆ ಸಂಸ್ಥೆಯು ಮಕ್ಕಳನ್ನು ಮನೆಗೆ ಸೇರಿಸಿದ್ದಲ್ಲದೆ, ಅವರ ತಾಯಂದಿರಿಗೆ ಸಣ್ಣ ವ್ಯಾಪಾರ ನಡೆಸಲು ನೆರವು ನೀಡಿತು. ಮಕ್ಕಳನ್ನು ಬಿಟ್ಟುಕೊಟ್ಟ ಮೀನುಗಾರರಿಗೂ ಬೇರೆ ಜೀವನೋಪಾಯಕ್ಕೆ ಸಹಾಯ ಮಾಡಿತು. ಮಕ್ಕಳನ್ನು ದುಡಿಸಿಕೊಂಡವರಿಗೂ ನೆರವೇ ಎಂದು ಕೆಲವರಿಗೆ ಸಿಟ್ಟು ಬರಬಹುದು, ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆ ಕೆಲಸಕ್ಕೆ ಇನ್ನೊಂದು ಮಗುವನ್ನು ತರದಂತೆ ಮಾಡುವುದು ಮುಖ್ಯ. ಈ ದೃಷ್ಟಿಯಿಂದ ನೋಡಿದರೆ, ಪರಿಹಾರದ ಹಣವನ್ನು ಆರೋಪಿಗೆ ಶಿಕ್ಷೆಯಾಗುವವರೆಗೆ ತಡೆಹಿಡಿಯುವ ಯೋಜನೆಗಳು ಅವುಗಳ ಉದ್ದೇಶಕ್ಕೇ ಅಡ್ಡಿಯಾಗುತ್ತವೆ. ಮೊಕದ್ದಮೆ ವರ್ಷಗಟ್ಟಲೆ ನಡೆಯುತ್ತದೆ, ಸಾಲದ ಬಡ್ಡಿ ಅಷ್ಟು ದಿನ ಕಾಯುವುದಿಲ್ಲ.

ಆ ಸಾಲ ಹಾಗೆಯೇ ಉಳಿದ ಮನೆಯಲ್ಲಿ ಮರಳಿ ಬಂದ ಮಗು ಈಗ ಎಲ್ಲರ ಕಣ್ಣಿಗೆ ಬಿದ್ದಿರುವುದರಿಂದ ಅದನ್ನು ಮತ್ತೆ ಕಳುಹಿಸಲು ಮನೆಯವರು ಹೆದರಬಹುದು, ಆದರೆ ಅದರ ತಂಗಿಯ ಮೇಲೆ ಯಾರ ಕಣ್ಣೂ ಇರುವುದಿಲ್ಲ. ಆದ್ದರಿಂದ ಮನೆಭೇಟಿಗೆ ಹೋಗುವ ಕಾರ್ಯಕರ್ತರು ಬಿಡಿಸಿದ ಮಗು ಮನೆಯಲ್ಲಿದೆ ಎಂದು ಬರೆದುಕೊಂಡು ಬಂದರೆ ಸಾಲದು. ಆ ಮನೆಯ ಪ್ರತಿಯೊಂದು ಮಗುವಿನ ಹೆಸರು, ವಯಸ್ಸು, ಅದು ಓದುತ್ತಿರುವ ತರಗತಿ, ಕೊನೆಯ ಬಾರಿ ಶಾಲೆಯಲ್ಲಿ ಕಂಡ ದಿನ ಇವೂ ಅವರ ವರದಿಯಲ್ಲಿರಬೇಕು.