ಪೀಪಿ ಊದಿಸಿದರೆ ಸೀಳು ಅಂಗುಳದ ಮಗುವಿನ ಮಾತು ಸರಿಹೋಗುತ್ತದೆಯೇ?

ಪ್ರಶ್ನೆ: ಮಗಳಿಗೆ 11 ತಿಂಗಳಿದ್ದಾಗ ಸೀಳು ಅಂಗುಳದ ಆಪರೇಷನ್ ಆಯಿತು. ಈಗ ಮೂರೂವರೆ ವರ್ಷ. ‘ಅಪ್ಪ’ ಅಂದರೆ ‘ಅಮ್ಮ’ ಅಂದ ಹಾಗೆ ಕೇಳಿಸುತ್ತದೆ. ಕೆಲವು ಮಾತು ಗಂಟಲಲ್ಲೇ ಕಚ್ಚಿಕೊಳ್ಳುತ್ತವೆ. ಪೀಪಿ, ಬಲೂನು ಊದಿಸಿ ಎನ್ನುತ್ತಾರೆ. ಊದಿಸಬಹುದೇ?

ಉತ್ತರ: ಆಟಕ್ಕೆ ಊದಲಿ, ಮಾತಿಗೆಂದು ಬೇಡ. ಊದುವಾಗ ಮೃದು ಅಂಗುಳ (ಅಂಗುಳದ ಹಿಂದಿನ ಮೆತ್ತನೆ ಭಾಗ, ಮೂಗಿನ ದಾರಿ ಮುಚ್ಚುವುದು ಇದೇ) ಮೇಲೇಳುವ ಬಗೆ ಬೇರೆ, ಮಾತಾಡುವಾಗ ಬೇರೆ.

ನೀವು ಹೇಳಿದ್ದು ಎರಡು ಬೇರೆ ತೊಂದರೆ. ಮೂಗು ಹಿಡಿದು ‘ಪಾಪ’ ಅನ್ನಿಸಿ ನೋಡಿ. ‘ಪ’ ಸ್ಪಷ್ಟವಾದರೆ ತುಟಿ ತನ್ನ ಕೆಲಸ ಮಾಡುತ್ತಿದೆ, ಗಾಳಿ ಮೂಗಿಗೆ ಸೋರುತ್ತಿದೆ. ಏನೂ ಬದಲಾಗದಿದ್ದರೆ ಗಾಳಿ ಗಂಟಲಲ್ಲೇ ತಡೆಯುತ್ತಿದೆ. ಸೋರಿಕೆ ಕಾಣಲು ‘ಕಾಗೆ ಕಾಲು ಕಪ್ಪು’ ಅನ್ನಿಸುತ್ತಾ ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿಯಿರಿ. ಇದರಲ್ಲಿ ಮೂಗಿನಿಂದ ಗಾಳಿ ಬಿಡುವ ಮ, ನ ಇಲ್ಲ, ಕನ್ನಡಿ ಮಂಜಾಗಬಾರದು. ಮಾತು ಶುರುವಾದ ಮೇಲೆ ಹಿಡಿದು, ಮುಗಿಯುವ ಮೊದಲೇ ತೆಗೆಯಿರಿ. ಇಲ್ಲವಾದರೆ ಬರೀ ಉಸಿರಿಗೇ ಮಂಜು ಕೂರುತ್ತದೆ.

ಸೋರಿಕೆಗೆ ಕಾರಣ ಅಂಗುಳ ಗಿಡ್ಡವಾಗಿರುವುದೋ, ಹೊಲಿಗೆ ಬಿಟ್ಟು ಉಳಿದ ತೂತೋ ಇರಬಹುದು. ಅದು ಅಭ್ಯಾಸದಿಂದ ಮುಚ್ಚುವುದಲ್ಲ. ಮೂಗಿನ ಮೂಲಕ ಎಂಡೋಸ್ಕೋಪ್ (ತುದಿಯಿಂದ ಒಳಗೆ ನೋಡುವ ತೆಳು ನಳಿಕೆ) ಇಳಿಸಿ, ಮಗುವನ್ನು ಮಾತಾಡಿಸುತ್ತಾ ನೋಡಬೇಕು. ಕೆಲವರಿಗೆ ಎರಡನೇ ಆಪರೇಷನ್ ಬೇಕಾಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಮಕ್ಕಳನ್ನು ನೋಡುತ್ತಾರೆ.

ಗಂಟಲಲ್ಲಿ ತಡೆಯುವುದು ಮಾತ್ರ ಕಲಿತ ರೂಢಿ. ಅಂಗುಳ ಸೀಳಿದ್ದಾಗ ಬಾಯಲ್ಲಿ ಗಾಳಿ ನಿಲ್ಲುತ್ತಿರಲಿಲ್ಲ, ಅದಕ್ಕೇ ಮಗು ಗಂಟಲಲ್ಲಿ ನಿಲ್ಲಿಸಿತು; ಹೊಲಿಗೆ ಬಿದ್ದರೂ ರೂಢಿ ಉಳಿಯಿತು. ಇದನ್ನು ಬಿಡಿಸಲು ‘ಹ’ ಬೇಕು, ಏಕೆಂದರೆ ‘ಹ’ ಹೊರಡುವಾಗ ಗಂಟಲು ತೆರೆದೇ ಇರುತ್ತದೆ. ಮೊದಲು ಪಿಸುದನಿಯಲ್ಲಿ ‘ಹಾ’. ಆಮೇಲೆ ತುಟಿ ಮುಚ್ಚಿ ಬಿಡುತ್ತಾ ‘ಪ್‌…ಹಾ’, ಅದೂ ಪಿಸುದನಿಯಲ್ಲೇ. ಬಾಯಿ ಮುಂದೆ ಹಿಡಿದ ಅವಳ ಅಂಗೈಗೆ ಗಾಳಿ ತಗುಲಬೇಕು. ಹಿಡಿತ ಬಂದ ಮೇಲೆ ಸ್ವರಕ್ಕೆ ದನಿ ಸೇರಿಸಿ, ‘ಹ’ವನ್ನು ಮೆಲ್ಲಗೆ ಕರಗಿಸಿ: ಪಾ, ಪೀ, ಪೂ. ದಿನಕ್ಕೆ ಮೂರ್ನಾಲ್ಕು ಸಲ, ಐದೈದು ನಿಮಿಷ ಸಾಕು. ‘ಜೋರಾಗಿ ಹೇಳು’ ಅನ್ನಬೇಡಿ, ಗಂಟಲು ಇನ್ನಷ್ಟು ಬಿಗಿಯುತ್ತದೆ. ‘ಅಪ್ಪ’ ಕೊನೆಗಿರಲಿ, ಒತ್ತಕ್ಷರಕ್ಕೆ ಬಾಯೊಳಗೆ ಗಾಳಿ ಹೆಚ್ಚು ಹೊತ್ತು ನಿಲ್ಲಬೇಕು. ಅಪ್ಪನವರು ಸ್ವಲ್ಪ ಕಾಯಬೇಕು.

ಇದೆಲ್ಲದರ ಜೊತೆ ಕಿವಿ ತೋರಿಸಿ. ಅಂಗುಳದ ಸ್ನಾಯುವೇ ಮಧ್ಯಕಿವಿಗೆ ಗಾಳಿ ಹೋಗುವ ನಳಿಕೆಯನ್ನು ತೆರೆಯುವುದು. ಅದು ಸರಿಯಾಗಿ ಎಳೆಯದಿದ್ದರೆ ಕಿವಿತಮಟೆಯ ಹಿಂದೆ ನೀರು ನಿಂತು ಕೇಳುವುದು ಮಂದವಾಗುತ್ತದೆ. ನೋವಿರುವುದಿಲ್ಲವಾದ್ದರಿಂದ ಮನೆಯಲ್ಲಿ ಗೊತ್ತಾಗುವುದೇ ಕಷ್ಟ.