ಪಿಕಪ್‌ನ ಅಡಿಯಲ್ಲಿ ಸದ್ದು: ಬಿಡಿಭಾಗ ಕೊಳ್ಳುವ ಮೊದಲು

ಕೊಡಗಿನಲ್ಲಿ ಹಳೆಯ ಪಿಕಪ್‌ಗಳ ಸಸ್ಪೆನ್ಷನ್ ಸದ್ದಿನ ದೂರು ಹೆಚ್ಚಾಗಿ ಬರುವುದು ಮಳೆಗಾಲದಲ್ಲಿ ಅಲ್ಲ. ಅರೇಬಿಕಾ ಕೊಯ್ಲು ಶುರುವಾಗುವ ನವೆಂಬರ್‌ನಿಂದ ರೊಬಸ್ಟಾ ಮುಗಿಯುವ ಮಾರ್ಚ್‌ವರೆಗಿನ ತಿಂಗಳುಗಳಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೀಫ್ ಸ್ಪ್ರಿಂಗ್‌ನ (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್) ಪ್ಲೇಟುಗಳ ನಡುವೆ ನೀರಿರುತ್ತದೆ, ಕೀಲುಗಳಲ್ಲಿ ಕೂರುವ ರಬ್ಬರ್ ಬುಶ್‌ಗಳು ಒದ್ದೆಯಾಗಿರುತ್ತವೆ, ಸವೆದ ಸಂದುಗಳಲ್ಲಿ ಕೆಸರು ತುಂಬಿಕೊಂಡಿರುತ್ತದೆ. ಹಾಗಾಗಿ ಭಾಗಗಳು ಸಾಕಷ್ಟು ಸವೆದಿದ್ದರೂ ಗಾಡಿ ಸದ್ದಿಲ್ಲದೆ ಓಡುತ್ತದೆ. ಬಿಸಿಲಿಗೆ ಆ ಕೆಸರು ಒಣಗಿ ಉದುರುವ ಹೊತ್ತಿಗೇ 50 ಕಿಲೊ ತೂಕದ ಕಾಫಿ ಮೂಟೆಗಳೂ ಗಾಡಿ ಏರುತ್ತವೆ. ‘ಹೋದ ವಾರದವರೆಗೆ ಏನೂ ಇರಲಿಲ್ಲ’ ಎಂದು ಮಾಲೀಕರು ಹೇಳುವುದು ಸುಳ್ಳಲ್ಲ, ಆದರೆ ಸವಕಳಿ ಮಾತ್ರ ಹೋದ ವಾರದ್ದಲ್ಲ.

ನನ್ನ ವರ್ಕ್‌ಶಾಪ್‌ಗೆ ಬರುವ ಬಹುತೇಕರು ಯಾವ ಭಾಗ ಹೋಗಿದೆ ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡು ಬರುತ್ತಾರೆ. ‘ಅಣ್ಣಾ, ಬಲಗಡೆ ಶಾಕ್ ಅಬ್ಸಾರ್ಬರ್ ಹೋಗಿದೆ, ಹೊಸದು ಹಾಕಿಬಿಡಿ’ ಎನ್ನುತ್ತಾರೆ. ನಾನು ಕೇಳುವ ಮೊದಲ ಪ್ರಶ್ನೆ ಸದ್ದು ಎಲ್ಲಿಂದ ಎಂಬುದಲ್ಲ, ಯಾವಾಗ ಎಂಬುದು. ಚಾಸಿಸ್ ಎಂಬುದು ಉದ್ದದ ಉಕ್ಕಿನ ತೊಲೆಯಾದುದರಿಂದ ಹಿಂದಿನ ಶಾಕಲ್‌ನಲ್ಲಿ (ಸ್ಪ್ರಿಂಗಿನ ತುದಿಯನ್ನು ಚಾಸಿಸ್‌ಗೆ ಸೇರಿಸುವ ಕೊಂಡಿ) ಹುಟ್ಟಿದ ‘ಟಕ್’ ಚಾಲಕನ ಸೀಟಿನ ಕೆಳಗೆ ಕೇಳಿಸುವುದು ಸಾಮಾನ್ಯ, ಆದ್ದರಿಂದ ಸದ್ದಿನ ಜಾಗದ ಬಗ್ಗೆ ಕಿವಿ ಕೊಡುವ ಸಾಕ್ಷ್ಯವನ್ನು ಅರ್ಧ ಮಾತ್ರ ನಂಬಬೇಕು. ಸದ್ದಿನ ಸಂದರ್ಭ ಹಾಗಲ್ಲ. ಕ್ಲಚ್ ಬಿಟ್ಟು ಗಾಡಿ ಎಳೆಯುವಾಗ ಒಂದೇ ಸಲ ‘ಟಕ್’ ಎಂದರೆ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಅದರ ಕೀಲು) ಅಥವಾ ಹಿಂದಿನ ಸ್ಪ್ರಿಂಗ್ ಬುಶ್ ಕಡೆ ನೋಡಬೇಕು. ನಿಂತ ಗಾಡಿಯ ಸ್ಟೇರಿಂಗ್ ತಿರುಗಿಸುವಾಗ ಬಂದರೆ ಮುಂದಿನ ಚಕ್ರದ ಗುಂಡುಕೀಲಾದ ಬಾಲ್ ಜಾಯಿಂಟ್ ಮತ್ತು ಸ್ಟೇರಿಂಗಿನ ಚಲನೆಯನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಕಡೆ ನೋಡಬೇಕು. ಎರಡೂ ಚಕ್ರ ಒಟ್ಟಿಗೆ ಹಂಪ್ ದಾಟುವಾಗ ಇಲ್ಲದ ಸದ್ದು ಒಂದೇ ಚಕ್ರ ಗುಂಡಿಗೆ ಇಳಿದಾಗ ಬಂದರೆ, ಮುಂದೆ ಸ್ಟೆಬಿಲೈಸರ್ ಬಾರ್ (ಎರಡೂ ಬದಿಯ ಚಕ್ರಗಳನ್ನು ಜೋಡಿಸಿ ಗಾಡಿ ವಾಲುವುದನ್ನು ತಗ್ಗಿಸುವ ಸರಳು) ಇರುವ ಗಾಡಿಗಳಲ್ಲಿ ಅದರ ಲಿಂಕ್ ಮೇಲೆ ಅನುಮಾನ ಪಡಬೇಕು, ಏಕೆಂದರೆ ಎರಡು ಚಕ್ರಗಳು ಸಮವಾಗಿ ಏರಿದಾಗ ಆ ಬಾರ್‌ಗೆ ಕೆಲಸವೇ ಇರುವುದಿಲ್ಲ.

ಸಸ್ಪೆನ್ಷನ್‌ಗೆ ಸಂಬಂಧವೇ ಇಲ್ಲದ ಸದ್ದುಗಳನ್ನು ಮೊದಲು ಬದಿಗಿಡುವುದು ಒಳ್ಳೆಯದು. ಸಡಿಲವಾದ ಹಿಂಬಾಗಿಲಿನ ಕೊಂಡಿ, ಸ್ಟೆಪ್ನಿಯ ಸರಪಳಿ, ಹರಿದ ಸೈಲೆನ್ಸರ್ ರಬ್ಬರ್, ಸೀಟಿನ ಹಿಂದೆ ಉರುಳಾಡುವ ಜಾಕಿ, ಕ್ಯಾಬಿನ್ ಮತ್ತು ಚಾಸಿಸ್ ನಡುವಿನ ಸತ್ತುಹೋದ ರಬ್ಬರ್ ಮೌಂಟಿಂಗ್ ಇವೆಲ್ಲ ಅದೇ ‘ಗಡಗಡ’ವನ್ನು ಎಬ್ಬಿಸಬಲ್ಲವು. ಕಾಸು ಖರ್ಚಿಲ್ಲದ ತಪಾಸಣೆಯಾದ್ದರಿಂದಲೋ ಏನೋ, ಇದನ್ನು ಮಾಡುವವರು ಕಡಿಮೆ.

ಪಿಕಪ್‌ನಲ್ಲಿ ಹೆಚ್ಚು ಗಮನ ಬೇಡುವುದು ಹಿಂದಿನ ಲೀಫ್ ಸ್ಪ್ರಿಂಗ್. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎರಡೂ ಕಡೆ ಚಕ್ರದ ನಡುವಿನಿಂದ ಬಾಡಿಯ ಅಂಚಿನವರೆಗಿನ ಎತ್ತರವನ್ನು ಟೇಪಿನಿಂದ ಅಳೆಯಬೇಕು. ನಮ್ಮ ಊರುಗಳಲ್ಲಿ ಸಮತಟ್ಟಾದ ಜಾಗ ಸಿಗುವುದೇ ಕಷ್ಟ; ತೋಟದವರಿಗೆ ಕಾಫಿ ಒಣಗಿಸುವ ಸಿಮೆಂಟ್ ಕಣಕ್ಕಿಂತ ಒಳ್ಳೆಯ ತಪಾಸಣೆಯ ನೆಲ ಬೇರೆ ಇಲ್ಲ, ಕೊಯ್ಲಿಗೆ ಮುಂಚೆ ಅದು ಖಾಲಿಯೂ ಇರುತ್ತದೆ. ಒಂದು ಕಡೆ ತಗ್ಗಿದ್ದರೆ ಆ ಬದಿಯ ಪ್ಲೇಟುಗಳನ್ನು ವೈರ್ ಬ್ರಷ್‌ನಿಂದ ಉಜ್ಜಿ, ಟಾರ್ಚ್ ಹಿಡಿದು, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್‌ಗಳ ಪಕ್ಕದಲ್ಲಿಯೂ ಪ್ಲೇಟುಗಳ ತುದಿಗಳಲ್ಲಿಯೂ ಬಿರುಕು ಹುಡುಕಬೇಕು. ಬಿರುಕು ಹಳೆಯದಾದರೆ ಅಲ್ಲಿ ತುಕ್ಕಿನ ಕೆಂಪು ಗೆರೆ ಕಾಣುತ್ತದೆ, ಮುರಿದ ತುದಿಗಳು ಒಂದಕ್ಕೊಂದು ತಿಕ್ಕುತ್ತಿದ್ದರೆ ಅಲ್ಲಿನ ಲೋಹ ಹೊಳೆಯುತ್ತದೆ.

ಪ್ಲೇಟು ಮುರಿದಿದೆ ಎಂದು ಗೊತ್ತಾದ ಮೇಲೆ ಕೆಲಸ ಮುಗಿಯುವುದಿಲ್ಲ, ಅದು ಏಕೆ ಮುರಿಯಿತು ಎಂಬುದನ್ನು ನೋಡಬೇಕು. ಪ್ಲೇಟುಗಳನ್ನೆಲ್ಲ ನಡುವೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟ್‌ಗಾಗಿ ಕೊರೆದ ತೂತು ಇರುವ ಜಾಗವೇ ಪ್ಲೇಟಿನ ದುರ್ಬಲ ಜಾಗ. ಯು ಬೋಲ್ಟ್‌ಗಳು ಬಿಗಿಯಾಗಿ ಹಿಡಿದಿರುವಷ್ಟು ಕಾಲ ಆ ಭಾಗ ಬಾಗುವುದಿಲ್ಲ, ಅವು ಸಡಿಲಗೊಂಡ ಕೂಡಲೇ ಪ್ರತಿ ಗುಂಡಿಗೂ ಅಲ್ಲಿಯೇ ಬಾಗಿ ಬಾಗಿ ಕೊನೆಗೆ ಬಿರುಕು ಬಿಡುತ್ತದೆ. ಆದ್ದರಿಂದ ನಡುವಿನಲ್ಲಿ ಮುರಿದ ಪ್ಲೇಟು ಎಂದರೆ ನನ್ನ ಮಟ್ಟಿಗೆ ಸಡಿಲ ಯು ಬೋಲ್ಟಿನ ಗುರುತು. ಸೆಂಟರ್ ಬೋಲ್ಟ್ ಕೂಡ ಹೀಗೆಯೇ ತುಂಡಾಗುತ್ತದೆ, ಆಗ ಆಕ್ಸಲ್ ಒಂದು ಬದಿಯಲ್ಲಿ ಹಿಂದೆ ಸರಿಯುತ್ತದೆ. ಹಿಂದಿನ ಚಕ್ರ ತನ್ನ ಕಮಾನಿನ ನಡುವೆ ಕೂತಿಲ್ಲವಾದರೆ, ನೇರ ರಸ್ತೆಯಲ್ಲಿಯೂ ಸ್ಟೇರಿಂಗ್ ಸ್ವಲ್ಪ ತಿರುಚಿಯೇ ಹಿಡಿಯಬೇಕಾಗುತ್ತಿದ್ದರೆ, ಅಲೈನ್‌ಮೆಂಟ್ ಅಂಗಡಿಗೆ ಹೋಗುವ ಮೊದಲು ಈ ಬೋಲ್ಟನ್ನು ನೋಡಬೇಕು. ನಾಪೋಕ್ಲು ಕಡೆಯ ಬೆಳೆಗಾರರೊಬ್ಬರು ಬೇರೆಡೆ ನಾಲ್ಕೂ ಶಾಕ್ ಅಬ್ಸಾರ್ಬರ್ ಬದಲಿಸಿಕೊಂಡ ಮೇಲೂ ಸದ್ದು ನಿಲ್ಲದೆ ಗಾಡಿ ತಂದಿದ್ದರು; ಸ್ಪ್ರಿಂಗ್ ಕೆಳಗಿನ ಪ್ಲೇಟಿನ ಸುತ್ತ ಹೊಳೆಯುವ ತಿಕ್ಕಿದ ಗುರುತು ಕಂಡಾಗಲೇ ವಿಷಯ ಅರ್ಧ ತಿಳಿದಿತ್ತು.

ಮುರಿದ ಪ್ಲೇಟಿನ ಜೊತೆಗೆ ‘ಇನ್ನೊಂದು ಎಕ್ಸ್‌ಟ್ರಾ ಪ್ಲೇಟು ಸೇರಿಸಿ’ ಎಂಬ ಬೇಡಿಕೆಯೂ ಬರುತ್ತದೆ. 1,300 ಕಿಲೊ ಹೊರಲು ಮಾಡಿದ ಗಾಡಿಗೆ 26 ಮೂಟೆಯ ಲೆಕ್ಕ. 35 ಮೂಟೆ ಹೇರುವುದಕ್ಕೆಂದು ಪ್ಲೇಟು ಸೇರಿಸಿದರೆ ಸ್ಪ್ರಿಂಗ್ ತಗ್ಗುವುದು ನಿಲ್ಲುತ್ತದೆಯೇ ಹೊರತು ಬ್ರೇಕ್, ಬೇರಿಂಗ್, ಆಕ್ಸಲ್, ಚಾಸಿಸ್ ಇವುಗಳ ಶಕ್ತಿ ಹೆಚ್ಚುವುದಿಲ್ಲ. ಮೊದಲು ಸ್ಪ್ರಿಂಗ್ ತಾಳಿಕೊಳ್ಳುತ್ತಿದ್ದ ಪೆಟ್ಟು, ಸ್ಪ್ರಿಂಗನ್ನು ಚಾಸಿಸ್‌ಗೆ ಹಿಡಿದಿಡುವ ಹ್ಯಾಂಗರ್ ಬ್ರಾಕೆಟ್‌ಗೆ ಹೋಗುತ್ತದೆ. ಈ ಕೆಲಸವನ್ನು ನಾನು ಒಪ್ಪುವುದಿಲ್ಲ, ಬೇರೆಯವರು ಮಾಡಿಕೊಡುತ್ತಾರೆ ಎಂಬುದೂ ನನಗೆ ಗೊತ್ತು.

ಮುಂಭಾಗದಲ್ಲಿ ಎಲ್ಲ ಗಾಡಿಗಳೂ ಒಂದೇ ಅಲ್ಲ. ಕೆಲವಕ್ಕೆ ಮುಂದೆಯೂ ಲೀಫ್ ಸ್ಪ್ರಿಂಗ್, ಕೆಲವಕ್ಕೆ ಕಾಯಿಲ್, ಕೆಲವಕ್ಕೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಇರುತ್ತದೆ. ಬಾಲ್ ಜಾಯಿಂಟ್ ಇರುವ ಗಾಡಿಯಲ್ಲಿ ಹೆಚ್ಚು ತಪ್ಪಾಗುವುದು ಜಾಕಿ ಇಡುವ ಜಾಗದಲ್ಲಿ. ಸ್ಪ್ರಿಂಗ್ ಅಥವಾ ಟಾರ್ಷನ್ ಬಾರ್ ಕೆಳಗಿನ ಆರ್ಮ್ (ಚಕ್ರವನ್ನು ಚಾಸಿಸ್‌ಗೆ ಸೇರಿಸುವ ತೋಳು) ಮೇಲೆ ಕೆಲಸ ಮಾಡುವ ಗಾಡಿಯನ್ನು ಚಾಸಿಸ್‌ಗೆ ಜಾಕಿ ಕೊಟ್ಟು ಎತ್ತಿದರೆ, ಸ್ಪ್ರಿಂಗ್ ತನ್ನ ಒತ್ತಡದಿಂದ ಕೆಳಗಿನ ಜಾಯಿಂಟನ್ನು ಬಿಗಿಯಾಗಿ ಹಿಡಿದಿರುವುದರಿಂದ ಎಷ್ಟು ಸವೆದ ಜಾಯಿಂಟೂ ಅಲುಗಾಡುವುದಿಲ್ಲ. ಅಂಥ ಗಾಡಿಯಲ್ಲಿ ಜಾಕಿಯನ್ನು ಕೆಳಗಿನ ಆರ್ಮ್ ಅಡಿಯಲ್ಲಿ, ಜಾಯಿಂಟಿಗೆ ಆದಷ್ಟು ಹತ್ತಿರ ಕೊಡಬೇಕು. ನಂತರ ಚಕ್ರದ ಮೇಲೆ ಕೆಳಗೆ ಕೈ ಹಿಡಿದು ಅಲುಗಿಸಿ, ಟೈರಿನ ಅಡಿಗೆ ಹಾರೆ ಕೊಟ್ಟು ಮೀಟಿ, ಇನ್ನೊಬ್ಬರು ಜಾಯಿಂಟಿನ ಮೇಲೆ ಬೆರಳಿಟ್ಟು ನೋಡಬೇಕು. ಚಕ್ರ ಅಲುಗಿದರೆ ಒಬ್ಬರು ಬ್ರೇಕ್ ಒತ್ತಲಿ. ಆಗ ಅಲುಗಾಟ ನಿಂತರೆ ಅದು ವೀಲ್ ಬೇರಿಂಗಿನ ಆಟ (ಸಡಿಲಿಕೆ), ನಿಲ್ಲದಿದ್ದರೆ ಜಾಯಿಂಟ್ ಅಥವಾ ಆರ್ಮ್ ಬುಶ್‌ನದು. ಟೈ ರಾಡ್ ಎಂಡ್‌ಗೆ ಜಾಕಿಯೇ ಬೇಡ: ಚಕ್ರಗಳು ನೆಲದ ಮೇಲಿರುವಾಗಲೇ ಒಬ್ಬರು ಸ್ಟೇರಿಂಗನ್ನು ಅತ್ತಿತ್ತ ಸ್ವಲ್ಪ ಸ್ವಲ್ಪ ಆಡಿಸಿದರೆ, ಸವೆದ ಎಂಡ್ ಮೇಲಿಟ್ಟ ಬೆರಳಿಗೆ ಅದರ ‘ಟಿಕ್ ಟಿಕ್’ ತಾನೇ ತಿಳಿಯುತ್ತದೆ. ಎತ್ತಿದ ಗಾಡಿಯ ಕೆಳಗೆ ಜಂಬಿಟ್ಟಿಗೆ ಕಲ್ಲು ಜೋಡಿಸಿ ನುಸುಳುವ ಅಭ್ಯಾಸ ನಮ್ಮಲ್ಲಿದೆ. ಆ ಕಲ್ಲು ಭಾರಕ್ಕೆ ಒಡೆಯುತ್ತದೆ, ಕಬ್ಬಿಣದ ಸ್ಟ್ಯಾಂಡ್ ಇಲ್ಲದಿದ್ದರೆ ಒಳಗೆ ಹೋಗಲೇಬಾರದು.

ಶಾಕ್ ಅಬ್ಸಾರ್ಬರ್ ಮೇಲೆ ಬರುವ ಆರೋಪಗಳಲ್ಲಿ ಹಲವು ಸುಳ್ಳು. ಬಾನೆಟ್ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಎಂದು ಎಣಿಸುವ ಪರೀಕ್ಷೆ ಕಾರಿಗೆ ಸ್ವಲ್ಪ ಉಪಯೋಗಕ್ಕೆ ಬಂದೀತು, ಖಾಲಿ ಪಿಕಪ್‌ನ ಹಿಂಭಾಗಕ್ಕೆ ಬಾರದು, ಏಕೆಂದರೆ ಪ್ಲೇಟುಗಳ ತಿಕ್ಕಾಟವೇ ಕುಣಿತವನ್ನು ತಡೆಯುತ್ತದೆ. ಮೈಮೇಲೆ ತೆಳುವಾದ ಎಣ್ಣೆಯ ಪಸೆ ಇದ್ದ ಮಾತ್ರಕ್ಕೆ ಅದನ್ನು ಬಿಸಾಡಬೇಕಿಲ್ಲ, ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿದ್ದರೆ ಬೇರೆ ಮಾತು. ಖಚಿತ ಮಾಡಿಕೊಳ್ಳಲು ಕೆಳಗಿನ ಬೋಲ್ಟ್ ಬಿಚ್ಚಿ ಕೈಯಿಂದ ಎಳೆದು ಒತ್ತಬೇಕು. ನಡುವೆ ಎಲ್ಲಿಯಾದರೂ ಪ್ರತಿರೋಧವಿಲ್ಲದೆ ಜಾರಿದರೆ ಅದರ ಆಯುಸ್ಸು ಮುಗಿದಿದೆ. ಹೆಚ್ಚಿನ ಸಲ ಸದ್ದು ಮಾಡುತ್ತಿದ್ದುದು ಅದರ ತುದಿಯ ಬೋಲ್ಟ್ ಕೂರುವ ಕಣ್ಣಿನಲ್ಲಿರುವ ರಬ್ಬರ್ ಬುಶ್ ಆಗಿರುತ್ತದೆ.

ವೇಗದೊಂದಿಗೆ ಏರುವ ‘ಗುಂಯ್’ ಸದ್ದನ್ನು ಮಡಿಕೇರಿಯ ತಿರುವುಗಳಲ್ಲಿ ಪತ್ತೆ ಹಚ್ಚಲಾಗದು, ಕುಶಾಲನಗರದ ಕಡೆಯ ಸಮ ರಸ್ತೆಗೆ ಇಳಿಯಬೇಕು. ಎಡಕ್ಕೆ ವಾಲುವ ತಿರುವಿನಲ್ಲಿ ಭಾರ ಬಲಗಡೆಗೆ ಬೀಳುತ್ತದೆ, ಆಗ ಸದ್ದು ಹೆಚ್ಚಿದರೆ ಬಲಗಡೆಯ ಬೇರಿಂಗ್ ನೋಡಬೇಕು. ಟೈರ್ ಅಲೆ ಅಲೆಯಾಗಿ ಸವೆದಿದ್ದರೂ ಇದೇ ಸದ್ದು ಬರುವುದರಿಂದ, ಬೇರಿಂಗ್ ಬಿಚ್ಚುವ ಮೊದಲು ಟೈರುಗಳನ್ನು ಹಿಂದೆ ಮುಂದೆ ಮಾಡಿ ಒಮ್ಮೆ ಓಡಿಸಿ ನೋಡುವುದು ಅಗ್ಗದ ದಾರಿ.

‘ಕಿರ್ರ್’ ಎಂದ ಕೂಡಲೇ ವೇಸ್ಟ್ ಆಯಿಲ್‌ಗೆ ಡೀಸೆಲ್ ಬೆರೆಸಿ ಅಡಿಗೆಲ್ಲ ಹೊಡೆಯುವ ಪದ್ಧತಿಯ ಬಗ್ಗೆ ಹೇಳಲೇಬೇಕು. ಸದ್ದು ನಿಲ್ಲುತ್ತದೆ, ನಿಜ. ಆದರೆ ಆ ಎಣ್ಣೆ ಬುಶ್‌ನ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ, ಬ್ರೇಕ್ ಡ್ರಮ್ ಒಳಗೆ ಹೋದರೆ ಸಂಪಾಜೆಯಾಗಲಿ ಮಾಕುಟ್ಟವಾಗಲಿ ಘಾಟಿ ಇಳಿಯುವಾಗ ಏನಾಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ರಬ್ಬರ್‌ಗೆ ಸಿಲಿಕೋನ್ ಲೂಬ್ರಿಕೆಂಟ್, ಬಿಚ್ಚಿದ ಪ್ಲೇಟುಗಳ ನಡುವೆ ಗ್ರಾಫೈಟ್ ಗ್ರೀಸ್, ನಿಪ್ಪಲ್ (ಗ್ರೀಸ್ ತುಂಬುವ ಮೊಳೆಬಾಯಿ) ಇರುವ ಪಿನ್‌ಗಳಿಗೆ ಗ್ರೀಸ್ ಗನ್ ಇವು ಸರಿಯಾದ ಕ್ರಮ.

ಗೊಬ್ಬರ ಸಾಗಿಸುವ ಗಾಡಿಗಳಲ್ಲಿ ಇನ್ನೊಂದು ಜಾಗವನ್ನು ನೋಡಬೇಕು. ಪೊಟ್ಯಾಷ್ ಎಂದು ನಾವು ತೋಟಕ್ಕೆ ಹಾಕುವುದು ಬಹುಮಟ್ಟಿಗೆ ಪೊಟ್ಯಾಸಿಯಮ್ ಕ್ಲೋರೈಡ್, ಅಂದರೆ ಒಂದು ಬಗೆಯ ಉಪ್ಪು. ಹರಿದ ಚೀಲದಿಂದ ಸೋರಿದ ಹರಳುಗಳು ಬಾಡಿಯ ಸಂದಿನಿಂದ ಇಳಿದು ಹ್ಯಾಂಗರ್ ಬ್ರಾಕೆಟ್ ಸುತ್ತ ಕೆಸರಿನೊಡನೆ ಅಂಟಿಕೊಂಡರೆ ತುಕ್ಕು ಬೇಗ ತಿನ್ನುತ್ತದೆ. ಅಲ್ಲಿ ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಉಕ್ಕಿನ ನಾದ ಬರದೆ ಮಂಕು ಸದ್ದು ಬಂದರೆ, ಪದರ ಪದರವಾಗಿ ತುಕ್ಕು ಎದ್ದರೆ, ಮೊದಲು ಆ ಬ್ರಾಕೆಟ್ ಸರಿಯಾಗಬೇಕು, ಹೊಸ ಸ್ಪ್ರಿಂಗ್ ವಿಚಾರ ಆಮೇಲಿನದು.

ಹಣ ಒಟ್ಟಿಗೆ ಹೊಂದದಿದ್ದಾಗ ಯಾವುದು ಕಾಯಬಹುದು ಎಂದು ಕೇಳುತ್ತಾರೆ. ಶಾಕಲ್ ಬುಶ್, ಸ್ಟೆಬಿಲೈಸರ್ ಲಿಂಕ್, ಶಾಕ್ ಅಬ್ಸಾರ್ಬರಿನ ಕಣ್ಣಿನ ಬುಶ್ ಇವು ಕೆಲವು ವಾರ ಕಾಯುತ್ತವೆ. ಆಟ ಬಂದ ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಮುರಿದ ಮೇನ್ ಪ್ಲೇಟು (ಸ್ಪ್ರಿಂಗಿನ ಉದ್ದನೆಯ ಮುಖ್ಯ ಪಟ್ಟಿ), ತುಂಡಾದ ಸೆಂಟರ್ ಬೋಲ್ಟ್ ಒಂದು ದಿನವೂ ಕಾಯುವಂಥವಲ್ಲ. ಬದಲಿಸುವಾಗ ರಬ್ಬರ್ ಬುಶ್‌ನ ಬೋಲ್ಟುಗಳನ್ನು ಗಾಡಿ ಗಾಳಿಯಲ್ಲಿರುವಾಗ ಕೊನೆಯ ಬಿಗಿ ಮಾಡಿದರೆ, ಕೆಳಗಿಳಿಸಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಭಾರ ಚಕ್ರದ ಮೇಲೆ ಬಿದ್ದ ನಂತರವೇ ಬಿಗಿಮಾಡಿಸಿಕೊಳ್ಳಿ. ಹಳೆಯ ಯು ಬೋಲ್ಟ್‌ಗಳು ಎಳೆದು ಹಿಗ್ಗಿರುವುದರಿಂದ ಅವನ್ನೇ ಮತ್ತೆ ಹಾಕಲು ಬಿಡಬೇಡಿ, ಹೊಸವನ್ನೂ ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕ ಟಾರ್ಕ್ ರೆಂಚ್‌ನಿಂದ ಇನ್ನೊಮ್ಮೆ ಬಿಗಿಮಾಡಿಸಿ.