ಪೋರ್ಟ್ ‘ಓಪನ್’ ಅಂದರೆ ಏನು ಓಪನ್?

ಮೊನ್ನೆ ರಾತ್ರಿ ಹನ್ನೊಂದಕ್ಕೆ ಅಕ್ಕನ ಮಗ ಫೋನ್ ಮಾಡಿದ. “ಮಾಮ, ರೂಟರ್‌ನಲ್ಲಿ ಪೋರ್ಟ್ ಓಪನ್ ಮಾಡಿದೀನಿ, ಆದ್ರೂ ಹೊರಗಿಂದ ಸೈಟ್ ಬರ್ತಿಲ್ಲ.” ಮನೆಯಲ್ಲಿ ಸರ್ವರ್ ಇಟ್ಟುಕೊಂಡವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಓಪನ್ ಆಗಿದ್ದರೆ ಬರಬೇಕಿತ್ತಲ್ಲ!

ಓಪನ್‌ಗೂ ಮೊದಲು ಪೋರ್ಟ್, ಅಂದರೆ ಬಂದ ಮಾತು ಕಂಪ್ಯೂಟರಿನೊಳಗೆ ಯಾವ ಪ್ರೋಗ್ರಾಂಗೆ ಹೋಗಬೇಕೆಂದು ಹೇಳುವ ನಂಬರು. ಯಂತ್ರಾನುವಾದದಲ್ಲಿ ಇದು ‘ಬಂದರು ಸಂಖ್ಯೆ’ ಆಗಿ ಕಂಡಾಗಲೆಲ್ಲ ನನಗೆ ಮೀನಿನ ವಾಸನೆ ಬರುತ್ತದೆ. ಇಂಗ್ಲಿಷಿನಲ್ಲಿ ಒಂದೇ ಕಾಗುಣಿತ ಹೊತ್ತ ಎರಡು ಪದಗಳಿವೆ. ಲ್ಯಾಟಿನ್ನಿನ ಪೋರ್ಟುಸ್ ಅಂದರೆ ಬಂದರು, ಪೋರ್ಟಾ ಅಂದರೆ ಬಾಗಿಲು. ಹಡಗು ನಿಲ್ಲುವ ಜಾಗಕ್ಕೆ ಹೆಸರು ಬಂದದ್ದು ಮೊದಲನೆಯದರಿಂದ. ಅದೇ ಹಡಗಿನ ಪಕ್ಕೆಯಲ್ಲಿ ಫಿರಂಗಿಯ ಮೂತಿ ಹೊರಗಿಡುವ ಕಿಂಡಿಗೆ ಹೆಸರು ಬಂದದ್ದು ಎರಡನೆಯದರಿಂದ. ಇನ್ನೂ ಹಿಂದೆ ಹೋದರೆ ಎರಡರ ಬೇರೂ ಒಂದೇ, ‘ದಾಟು’ ಎಂಬ ಅರ್ಥದ್ದು. ಕಂಪ್ಯೂಟರಿನ ಪೋರ್ಟ್ ಬಾಗಿಲಿನ ಮನೆತನಕ್ಕೆ ಸೇರಿದ್ದು. ನಮ್ಮ ‘ಬಂದರು’ ಪಾರಸಿಯಿಂದ ಬಂದ ಪದ, ಮಂಗಳೂರಿಗೆ ಒಪ್ಪುತ್ತದೆ, ವೆಬ್‌ಸೈಟುಗಳ ಪೋರ್ಟ್ ಆದ 443ಕ್ಕೆ ಒಪ್ಪುವುದಿಲ್ಲ. ಕನ್ನಡದಲ್ಲೇ ಹೇಳಬೇಕೆಂದರೆ ನನ್ನ ಓಟು ‘ಕಿಂಡಿ’ಗೆ. ಹದಿನಾರು ಬಿಟ್‌ಗಳಲ್ಲಿ ಹಿಡಿಸುವಷ್ಟು, ಅಂದರೆ 0ಯಿಂದ 65535ರವರೆಗೆ ನಂಬರು ಹಾಕಿದ ಕಿಂಡಿಗಳು. ಚಿತ್ರದುರ್ಗದ ಕಿಂಡಿಯ ಪಕ್ಕ ಒನಕೆ ಹಿಡಿದು ನಿಂತವಳನ್ನು ನೆನೆಸಿಕೊಂಡರೆ ಫೈರ್‌ವಾಲನ್ನು ಬೇರೆ ವಿವರಿಸಬೇಕಿಲ್ಲ.

ಈಗ ಓಪನ್. ರೂಟರ್‌ನಲ್ಲಿ ಹುಡುಗ ಬರೆದದ್ದು ಇಷ್ಟೇ: 5000ನೇ ಪೋರ್ಟಿಗೆ ಬಂದದ್ದನ್ನು 192.168.1.20ಕ್ಕೆ (ಮನೆಯೊಳಗೆ ಅವನ ಸರ್ವರಿನ ವಿಳಾಸ) ದಾಟಿಸು. “ನನ್ನ ಹೆಸರು ಹೇಳಿಕೊಂಡು ಬಂದವರನ್ನ 204ಕ್ಕೆ ಕಳಿಸಪ್ಪ” ಎಂದು ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೆ ಹೇಳಿಟ್ಟಂತೆ. ಅದು ಫಾರ್ವರ್ಡಿಂಗ್. 204ರಲ್ಲಿ ಬಾಗಿಲು ತೆಗೆಯುವವರು ಇದ್ದಾರೋ ಇಲ್ಲವೋ ವಾಚ್‌ಮನ್‌ಗೆ ಏನು ಗೊತ್ತು? ಒಳಗೆ ಒಂದು ಪ್ರೋಗ್ರಾಂ ಆ ಕಿಂಡಿಗೆ ಕಿವಿಗೊಟ್ಟು ಕೂತಿದ್ದರೆ ಮಾತ್ರ ಪೋರ್ಟ್ ಓಪನ್. ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಇದರ ಹೆಸರೇ ‘ಲಿಸನ್’. ಪೋರ್ಟ್‌ಗಳನ್ನು ತಟ್ಟಿ ನೋಡುವ, 1997ರಲ್ಲಿ ಬಂದ ಎನ್‌ಮ್ಯಾಪ್ ಎಂಬ ಪ್ರೋಗ್ರಾಂ ಇದನ್ನು ಚೆನ್ನಾಗಿ ಬಿಡಿಸಿ ಹೇಳುತ್ತದೆ: ಒಳಗಿನಿಂದ ‘ಬನ್ನಿ’ ಅಂದರೆ ಓಪನ್, ‘ಇಲ್ಲಿ ಯಾರೂ ಇಲ್ಲ’ ಅಂದರೆ ಕ್ಲೋಸ್ಡ್, ಉಸಿರೇ ಇಲ್ಲದಿದ್ದರೆ ಫಿಲ್ಟರ್ಡ್. ಬ್ರೌಸರ್ ತೋರಿಸುವ ‘ರೆಫ್ಯೂಸ್ಡ್’ ಮತ್ತು ‘ಟೈಮ್ಡ್ ಔಟ್’ ಒಂದೇ ಅಲ್ಲ ಎನ್ನುವುದೂ ಇದಕ್ಕೇ. ಮೊದಲನೆಯದರಲ್ಲಿ ಸಾಮಾನ್ಯವಾಗಿ ಪ್ಯಾಕೆಟ್ (ಕಳಿಸಿದ ಡೇಟಾದ ತುಣುಕು) ಮನೆ ಮುಟ್ಟಿ ವಾಪಸ್ ಬಂದಿರುತ್ತದೆ. ಎರಡನೆಯದರಲ್ಲಿ ದಾರಿಯಲ್ಲೇ ಯಾರೋ ನುಂಗಿರುತ್ತಾರೆ.

“ಮನೆಯಲ್ಲೇ ಇನ್ನೊಂದು ಲ್ಯಾಪ್‌ಟಾಪ್‌ನಿಂದ ನೋಡು” ಅಂದೆ. ರೆಫ್ಯೂಸ್ಡ್. ಅಲ್ಲಿಗೆ ರೂಟರ್ ನಿರಪರಾಧಿ. ಅವನ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಫ್ಲಾಸ್ಕ್ ಎಂಬ ವೆಬ್ ಸರ್ವರ್ 127.0.0.1:5000 ಎಂದು ಬರೆದುಕೊಂಡು ಕೂತಿತ್ತು. ಆ ವಿಳಾಸದಲ್ಲಿ ಕೂತರೆ ತನ್ನ ಮಾತು ತನಗೆ ಮಾತ್ರ ಕೇಳುತ್ತದೆ. ಎಲ್ಲ ವಿಳಾಸಕ್ಕೂ ಕಿವಿಗೊಡು ಎನ್ನುವ 0.0.0.0 ಮಾಡಿದ, ಮನೆಯೊಳಗೆ ಬಂತು. (ಪರೀಕ್ಷೆಗೆಂದೇ ಇರುವ ಆ ಡೆವಲಪ್‌ಮೆಂಟ್ ಸರ್ವರನ್ನು ಲೋಕಕ್ಕೆ ಬಿಡಬಾರದು ಎನ್ನುವುದು ಬೇರೆ ಜಗಳ.)

ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿದರೆ ಟೈಮ್ಡ್ ಔಟ್. ರೂಟರ್‌ನ ಹೊರವಿಳಾಸ 100.72ರಿಂದ ಶುರುವಾಗಿತ್ತು. 100.64ರಿಂದ 100.127ರವರೆಗಿನದು ಇಂಟರ್ನೆಟ್ ಕಂಪನಿಗಳು ಒಂದೇ ಪಬ್ಲಿಕ್ ಐಪಿಯನ್ನು (ಹೊರಜಗತ್ತಿಗೆ ಕಾಣುವ ವಿಳಾಸ) ಹಲವು ಮನೆಗಳಿಗೆ ಹಂಚಲೆಂದು 2012ರಲ್ಲಿ ತೆಗೆದಿಟ್ಟ ಸಾಲು. ಈ ಹಂಚಿಕೆಯ ಹೆಸರು ಸಿಜಿನ್ಯಾಟ್. ಅಂದರೆ ನಮ್ಮ ವಾಚ್‌ಮನ್‌ಗಿಂತ ಹೊರಗೆ ಇನ್ನೊಬ್ಬ ವಾಚ್‌ಮನ್ ಇದ್ದಾನೆ, ಅವನಿಗೆ ಯಾರೂ ಏನೂ ಹೇಳಿಲ್ಲ.

ಪುಣ್ಯಕ್ಕೆ ಇಂಟರ್ನೆಟ್ಟಿನ ಹೊಸ ವಿಳಾಸ ಪದ್ಧತಿ ಐಪಿವಿ6 ಇತ್ತು (ಇಲ್ಲಿಯವರೆಗೆ ನೋಡಿದ್ದೆಲ್ಲ ಹಳೆಯ ಐಪಿವಿ4). ಅಲ್ಲಿ ಪ್ರತಿ ಯಂತ್ರಕ್ಕೂ ಸ್ವಂತ ವಿಳಾಸ, ದಾಟಿಸುವ ಮಾತೇ ಇಲ್ಲ. ರೂಟರ್‌ನ ಫೈರ್‌ವಾಲ್ ಒಳಗೆ ಬಿಡುವಂತೆ ಮಾಡಿದರೆ ಸಾಕು. ಮಾಡಿದ. “ಮಾಮ, ಐಪಿವಿ6ನಲ್ಲೂ ಪೋರ್ಟ್ ಓಪನ್ ಮಾಡ್ದೆ, ಬರ್ತಿಲ್ಲ.” 0.0.0.0 ಅಂದರೆ ಐಪಿವಿ4ರ ಕಿವಿ ಮಾತ್ರ ಕಣೋ, ಐಪಿವಿ6ಕ್ಕೆ ಎರಡು ಕೋಲನ್ (::) ಹಾಕಬೇಕು ಅಂದು ಮಲಗಿದೆ.